ಹಳೇ ಪೆಟ್ರೋಲ್ ಕಾರಿನ ಸೆನ್ಸರ್ ಕೆಟ್ಟಿದೆಯಾ? ಹೊಸದು ಕೊಳ್ಳುವ ಮುಂಚೆ ಇಷ್ಟು ನೋಡಿ

ನನ್ನ ಹತ್ತಿರ 2004ರ ಒಂದು ಚಿಕ್ಕ ಪೆಟ್ರೋಲ್ ಕಾರಿದೆ. ಒಂದು ಮಳೆಗಾಲದಲ್ಲಿ ಅದರ ಚೆಕ್ ಎಂಜಿನ್ ಲೈಟ್ ಹತ್ತಿತು. ಒಂದು ಗ್ಯಾರೇಜಿನಲ್ಲಿ ಥ್ರಾಟಲ್ ಸೆನ್ಸರ್ (ಆಕ್ಸಿಲರೇಟರ್ ಎಷ್ಟು ಒತ್ತಿದೆ ಅಂತ ಹೇಳುವುದು) ಬದಲಿಸಿದರು. ಹದಿನೈದು ದಿನಕ್ಕೆ ಲೈಟ್ ಮತ್ತೆ ಬಂತು. ಇನ್ನೊಂದು ಕಡೆ ಮ್ಯಾಪ್ ಸೆನ್ಸರ್ (ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವುದು) ಬದಲಿಸಿದರು. ಮತ್ತೆ ಅದೇ ಕಥೆ. ಕೊನೆಗೆ ನಮ್ಮೂರಿನ ಆಟೋ ಎಲೆಕ್ಟ್ರೀಷಿಯನ್ ಒಬ್ಬರು ಬಾನೆಟ್ ಎತ್ತಿ, ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತಿಂಗ್ ವೈರನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಎಂಜಿನ್ ಸದ್ದು ಬದಲಾಯಿತು. ಬೋಲ್ಟಿನ ಅಡಿಯಲ್ಲಿ ಪೂರ್ತಿ ತುಕ್ಕು. ಉಜ್ಜಿ, ಹೊಸ ವೈರ್ ಹಾಕಿದರು. ಅಷ್ಟೇ. ತೆಗೆದಿಟ್ಟ ಎರಡು ಸೆನ್ಸರ್‌ಗಳೂ ಸರಿಯಾಗೇ ಇದ್ದವು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಎಂಜಿನ್ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ತೋರಿಸುವ ಕೋಡ್ ಒಂದು ಬಿಡಿಭಾಗದ ಹೆಸರಲ್ಲ. ಯಾವ ದಾರಿಯಲ್ಲಿ ಸುದ್ದಿ ಸರಿಯಾಗಿ ಬರುತ್ತಿಲ್ಲ ಅಂತ ಮಾತ್ರ ಅದು ಹೇಳುತ್ತದೆ. ಆ ದಾರಿಯಲ್ಲಿ ಸೆನ್ಸರ್ ಇದೆ, ವೈರ್ ಸೇರಿಸುವ ಕಪ್ಲರ್ ಇದೆ, ವೈರ್ ಇದೆ, ಅರ್ತಿಂಗ್ ಇದೆ. ಕೆಲವು ಸಲ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ, ಕೆಟ್ಟಿರುವುದು ಎಂಜಿನ್ನೇ.

ಇಲ್ಲಿ ಬರೆದಿರುವುದು ಸುಮಾರು 2000ದಿಂದ 2010ರ ಒಳಗಿನ, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಪೆಟ್ರೋಲ್ ಕಾರುಗಳಿಗೆ. ಮಾರುತಿ 800ರ ಎಂಪಿಎಫ್‌ಐ, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ ಅಂಥವು. ಕಾರ್ಬೊರೇಟರ್ ಗಾಡಿಗೆ ಇದು ಹೊಂದುವುದಿಲ್ಲ. ಕಾಮನ್ ರೈಲ್ ಡೀಸೆಲ್ ಗಾಡಿಗಳ ಇಂಧನ ಪೈಪನ್ನು ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿ. ಅದರಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ, ಚರ್ಮವನ್ನೇ ಸೀಳುತ್ತದೆ.

ಕೈ ಹಾಕುವ ಮುಂಚೆ

ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ರೇಡಿಯೇಟರ್ ಫ್ಯಾನ್ ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ತಾನಾಗಿ ತಿರುಗುತ್ತದೆ, ಬೆರಳು ದೂರ ಇರಲಿ. ಲುಂಗಿ, ದುಪ್ಪಟ್ಟಾ, ಸಡಿಲ ತೋಳಿನ ಅಂಗಿ ಹಾಕಿಕೊಂಡು ಓಡುವ ಎಂಜಿನ್ ಮೇಲೆ ಬಾಗಬೇಡಿ. ಬೆಲ್ಟಿಗೆ ಬಟ್ಟೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಬಾಗಿಲು ಹಾಕಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಪೆಟ್ರೋಲ್ ವಾಸನೆ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇರುವ ಗಾಡಿಯಲ್ಲಿ ಗ್ಯಾಸ್ ವಾಸನೆ ಬಂದರೂ ಹಾಗೇ. ಗಾಡಿಯಿಂದ ದೂರ ಹೋಗಿ, ಸ್ವಿಚ್ ಮುಟ್ಟಬೇಡಿ, ಕಿಟ್ ಹಾಕಿದವರನ್ನು ಕರೆಸಿ.

ಸೆನ್ಸರ್ ಕಪ್ಲರ್ ಬಿಚ್ಚುವಾಗಲೂ ಸೇರಿಸುವಾಗಲೂ ಕೀ ಆಫ್ ಇರಬೇಕು. ಬಲ್ಬ್ ಹಾಕಿದ ಹಳೆಯ ಟೆಸ್ಟ್ ಲ್ಯಾಂಪನ್ನು ಸೆನ್ಸರ್ ವೈರಿಗೆ ಹಿಡಿಯಬೇಡಿ. ಹೆಚ್ಚಿನ ಸೆನ್ಸರ್‌ಗಳು ಓಡುವುದು 5 ವೋಲ್ಟಿನಲ್ಲಿ. ಅಲ್ಲಿಗೆ ಬ್ಯಾಟರಿಯ 12 ವೋಲ್ಟ್ ನೇರ ಕೊಟ್ಟರೆ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸುಟ್ಟುಹೋಗಬಹುದು. ಅದರ ಬೆಲೆ ಮುಂದೆ ಸೆನ್ಸರ್ ಬೆಲೆ ಏನೂ ಅಲ್ಲ.

ಬೇಕಾದ ಸಾಮಾನು ಸ್ವಲ್ಪವೇ: ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಡಬ್ಬ ಕಾಂಟ್ಯಾಕ್ಟ್ ಕ್ಲೀನರ್, ಟಾರ್ಚ್, ಹಳೆಯ ಹಲ್ಲುಜ್ಜುವ ಬ್ರಷ್.

ಯಾವ ಲಕ್ಷಣವೇ ಇರಲಿ, ಮೊದಲು ಇದು

ಬ್ಯಾಟರಿಯಿಂದ ಶುರು ಮಾಡಿ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ 12.4ರಿಂದ 12.7 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ 13.8ರಿಂದ 14.5ರ ಹತ್ತಿರ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಸೆನ್ಸರ್ ಮಾತು ಆಮೇಲೆ, ಮೊದಲು ಬ್ಯಾಟರಿ ಮತ್ತು ಟರ್ಮಿನಲ್ ನೋಡಿ. ವೋಲ್ಟೇಜ್ ಕುಸಿದಾಗ ಇಸಿಎಂ ಇಲ್ಲದ ದೋಷಗಳನ್ನೆಲ್ಲಾ ಬರೆದಿಟ್ಟುಕೊಳ್ಳುತ್ತದೆ.

ಆಮೇಲೆ ಅರ್ತಿಂಗ್. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಮತ್ತು ಎಸಿ ಹಾಕಿ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. 0.2 ವೋಲ್ಟ್ ಒಳಗಿದ್ದರೆ ಸರಿ. ನನ್ನ ಕಾರಿನಲ್ಲಿ 0.8 ತೋರಿಸುತ್ತಿತ್ತು. ಸೆನ್ಸರ್‌ನ ಸುದ್ದಿ ಬರುವುದೇ 0.5ರಿಂದ 4.5 ವೋಲ್ಟ್ ಒಳಗೆ. ಅದರಲ್ಲಿ ಇಷ್ಟು ಏರುಪೇರಾದರೆ ಇಸಿಎಂಗೆ ಏನು ಅರ್ಥವಾಗಬೇಕು ಹೇಳಿ?

ಮೂರನೆಯದು ಕಣ್ಣು. ಏರ್ ಫಿಲ್ಟರ್‌ನಿಂದ ಎಂಜಿನ್ ತನಕದ ರಬ್ಬರ್ ಪೈಪು ಬಿರುಕು ಬಿಟ್ಟಿದೆಯಾ, ಸಣ್ಣ ವ್ಯಾಕ್ಯೂಮ್ ಪೈಪು ಕಳಚಿದೆಯಾ ನೋಡಿ. ಅಡಿಕೆ ಕೊಟ್ಟಿಗೆ, ಭತ್ತದ ಕಣಜದ ಪಕ್ಕ ನಿಲ್ಲುವ ಗಾಡಿಯಾದರೆ ಇಲಿ ಕಡಿದ ಗುರುತು ಹುಡುಕಿ. ಬೆಂಗಳೂರಿನ ಬೇಸ್‌ಮೆಂಟುಗಳಲ್ಲೂ ಇಲಿ ಕಾಟ ಕಡಿಮೆ ಏನಲ್ಲ. ಕರಾವಳಿಯ ಗಾಡಿಯಾದರೆ ಕಪ್ಲರ್ ಬಿಚ್ಚಿ ಒಳಗೆ ನೋಡಿ. ಪಿನ್ನಿನ ಮೇಲೆ ಹಸಿರು ಪುಡಿ ಕಂಡರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ, ಒಣಗಿದ ಮೇಲೆ ಸೇರಿಸಿ. ಪೆಟ್ರೋಲಿನಲ್ಲಿ ತೊಳೆಯಬೇಡಿ.

ಚೆಕ್ ಎಂಜಿನ್ ಲೈಟ್ ಹತ್ತಿದೆ, ಗಾಡಿ ಮಾತ್ರ ಚೆನ್ನಾಗೇ ಓಡುತ್ತಿದೆ

ಗಾಬರಿ ಬೇಡ. ಯಾವುದೋ ಒಂದು ಸೆನ್ಸರಿನ ಸುದ್ದಿ ತಪ್ಪಿದರೆ ಇಸಿಎಂ ಅದರ ಬದಲು ಒಂದು ಅಂದಾಜು ಲೆಕ್ಕ ಇಟ್ಟುಕೊಂಡು ಗಾಡಿ ಓಡಿಸುತ್ತದೆ. ವಾರದೊಳಗೆ ಕೋಡ್ ಓದಿಸಿದರೆ ಸಾಕು.

ಆದರೆ ಲೈಟ್ ಮಿಣುಕುತ್ತಾ, ಎಂಜಿನ್ ಜರ್ಕ್ ಹೊಡೆಯುತ್ತಿದ್ದರೆ ಬೇರೆ ಮಾತು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತಿದೆ ಅಂತ ಅರ್ಥ. ಅದು ಕೆಂಪಗೆ ಕಾಯುತ್ತದೆ. ಅಂಥ ಗಾಡಿಯನ್ನು ಒಣಹುಲ್ಲು, ತರಗೆಲೆ, ಕಣದ ಮೇಲೆ ನಿಲ್ಲಿಸಬೇಡಿ. ಬೆಂಕಿ ಹತ್ತಬಹುದು.

ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇನ್ನೊಂದು ನೋಡಬೇಕು. ಕೀ ಆನ್ ಮಾಡಿದಾಗ ಈ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತುವುದೇ ಇಲ್ಲ ಅಂದರೆ ಬಲ್ಬ್ ಹೋಗಿದೆ, ಇಲ್ಲವೇ ಯಾರೋ ಬೇಕಂತಲೇ ತೆಗೆದಿದ್ದಾರೆ.

ಕೋಡ್ ಓದುವ ವಿಷಯ. ನಮ್ಮಲ್ಲಿ ಬಿಎಸ್ 4 (ಹೊಗೆ ಮಿತಿಯ ನಿಯಮ) ಕಾರುಗಳಿಗೆ ಓಬಿಡಿ-1 (ಗಾಡಿಯೇ ತನ್ನ ದೋಷ ಹೇಳುವ ವ್ಯವಸ್ಥೆ) ಕಡ್ಡಾಯವಾದದ್ದು 2010ರ ಏಪ್ರಿಲ್‌ನಿಂದ, ಓಬಿಡಿ-2 ಬಂದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಕಾರಿಗೆ ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ಎಷ್ಟೋ ಸಲ ಮಾತೇ ಆಡುವುದಿಲ್ಲ. ಸ್ಕ್ಯಾನರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹಳೆಯ ಗಾಡಿ ನೋಡುವ ಎಲೆಕ್ಟ್ರೀಷಿಯನ್‌ಗಳ ಹತ್ತಿರ ಅದಕ್ಕೆ ಹೊಂದುವ ಸ್ಕ್ಯಾನರ್ ಇರುತ್ತದೆ. ಹಳೆಯ ಸುಜುಕಿ ಎಂಜಿನ್‌ಗಳಲ್ಲಿ ಇನ್ನೊಂದು ದಾರಿಯಿದೆ. ಡಯಾಗ್ನೋಸಿಸ್ ಕಪ್ಲರ್‌ನ ಎರಡು ಪಿನ್ ಸೇರಿಸಿ ಕೀ ಆನ್ ಮಾಡಿದರೆ ಆ ಲೈಟೇ ಮಿಂಚಿ ಕೋಡ್ ಹೇಳುತ್ತದೆ. ಒಂದು ಸಲ ಮಿಂಚಿ, ತಡೆದು, ಎರಡು ಸಲ ಮಿಂಚಿದರೆ 12. ದೋಷ ಏನೂ ದಾಖಲಾಗಿಲ್ಲ ಅಂತ. ಯಾವ ಪಿನ್ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಸರ್ವಿಸ್ ಮ್ಯಾನ್ಯುಯಲ್ ನೋಡದೆ ಸುಮ್ನೆ ಪಿನ್ ಸೇರಿಸಬೇಡಿ.

ಬಿಸಿಯಾದ ಮೇಲೆ ಆಫ್ ಆಗುತ್ತದೆ, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತದೆ

ಹಳೇ ಕಾರುಗಳಲ್ಲಿ ಜನರನ್ನು ಅತಿ ಹೆಚ್ಚು ಅಳಿಸುವ ತೊಂದರೆ ಇದು. ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿ, ಸಿಗ್ನಲ್ಲಿನಲ್ಲೋ ಘಾಟಿಯಲ್ಲೋ ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಕಾದರೆ ಏನೂ ಆಗದ ಹಾಗೆ ಸ್ಟಾರ್ಟ್. ಮೆಕ್ಯಾನಿಕ್ ಹತ್ತಿರ ಹೋದಾಗ ತೊಂದರೆ ತೋರಿಸುವುದೇ ಇಲ್ಲ.

ಮೊದಲು ಜೀವದ ಮಾತು. ಓಡುವಾಗ ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಬ್ರೇಕಿಗೆ ಬೂಸ್ಟರ್ ಸಹಾಯ ಒಂದೆರಡು ಸಲ ತುಳಿಯುವಷ್ಟೇ ಉಳಿದಿರುತ್ತದೆ. ಬ್ರೇಕನ್ನು ಪದೇ ಪದೇ ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ, ಹಜಾರ್ಡ್ ಹಾಕಿ, ಎಡಕ್ಕೆ ತೆಗೆದುಕೊಳ್ಳಿ. ಕೀಯನ್ನು ಲಾಕ್ ತನಕ ತಿರುಗಿಸಬೇಡಿ, ಸ್ಟೀರಿಂಗ್ ಸಿಕ್ಕಿಹಾಕಿಕೊಳ್ಳುತ್ತದೆ. ಈ ತೊಂದರೆ ಇರುವ ಗಾಡಿಯಲ್ಲಿ ಶಿರಾಡಿ, ಚಾರ್ಮಾಡಿ ಕಡೆ ಹೋಗಲೇಬೇಡಿ.

ಇಲ್ಲಿ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಎಂಜಿನ್ ಎಷ್ಟು ವೇಗದಲ್ಲಿ, ಯಾವ ಜಾಗದಲ್ಲಿ ತಿರುಗುತ್ತಿದೆ ಅಂತ ಹೇಳುವುದು ಅದೇ. ಅದರ ಸುದ್ದಿ ನಿಂತರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಒಳಗಿನ ತಂತಿ ಸುರುಳಿ ಬಿಸಿಗೆ ಹಿಗ್ಗಿದಾಗ ಕಡಿದುಕೊಳ್ಳುತ್ತದೆ, ತಣ್ಣಗಾದಾಗ ಕೂಡಿಕೊಳ್ಳುತ್ತದೆ. ಹಳೆಯ ಕೆಲವು ಗಾಡಿಗಳಲ್ಲಿ ಈ ಕೆಲಸವನ್ನು ಡಿಸ್ಟ್ರಿಬ್ಯೂಟರ್ ಒಳಗಿನ ಸೆನ್ಸರ್ ಮಾಡುತ್ತದೆ.

ಹಾಗಂತ ನೇರ ಅಂಗಡಿಗೆ ಹೋಗಬೇಡಿ. ಪೆಟ್ರೋಲ್ ಪಂಪು, ಇಗ್ನಿಷನ್ ಕಾಯಿಲ್, ಇಸಿಎಂಗೆ ಕರೆಂಟ್ ಕೊಡುವ ಮೇನ್ ರಿಲೇ ಕೂಡ ಬಿಸಿಯಾದಾಗ ಹೀಗೇ ಕೈಕೊಡುತ್ತವೆ. ಬೇರೆ ಮಾಡಿ ನೋಡುವ ಉಪಾಯ ಹೀಗಿದೆ.

ಗಾಡಿ ನಿಲ್ಲುವ ಆ ಕ್ಷಣದಲ್ಲಿ ಆರ್‌ಪಿಎಂ ಮುಳ್ಳು ನೋಡಿ. ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿದೆ, ಅಂದರೆ ಎಂಜಿನ್ ತಿರುಗುತ್ತಲೇ ಇದೆ. ಆದರೂ ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದರೆ ಇಸಿಎಂಗೆ ತಿರುಗುವ ಸುದ್ದಿ ಸಿಗುತ್ತಿಲ್ಲ. ಅನುಮಾನ ಕ್ರ್ಯಾಂಕ್ ಸೆನ್ಸರ್ ಕಡೆಗೆ, ಅಥವಾ ಮೇನ್ ರಿಲೇ ಕಡೆಗೆ. ಮುಳ್ಳು ಎಂಜಿನ್ ಜೊತೆಗೇ ನಿಧಾನಕ್ಕೆ ಇಳಿದು, ಅದಕ್ಕೂ ಮುಂಚೆ ಮುಗ್ಗರಿಸುವ ಹಾಗೆ ಅನ್ನಿಸಿದರೆ ಪೆಟ್ರೋಲ್ ಕಡೆ ನೋಡಿ.

ನಿಂತ ಮೇಲೆ, ತಣ್ಣಗಾಗುವ ಮುಂಚೆ ಕೀ ಆನ್ ಮಾಡಿ ಕಿವಿಗೊಡಿ. ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡ್ ಗುಂಯ್ ಅಂತ ಸದ್ದು ಬರಬೇಕು. ಬಂದರೆ ಪಂಪಿಗೆ ಕರೆಂಟ್ ಹೋಗುತ್ತಿದೆ, ಪಂಪು ತಿರುಗುತ್ತಿದೆ. ಬರದಿದ್ದರೆ ಫ್ಯೂಸ್, ರಿಲೇ, ಪಂಪು ಈ ಕ್ರಮದಲ್ಲಿ ನೋಡಿ. ಆಮೇಲೆ ಸೆಲ್ಫ್ ಹೊಡೆಯಿರಿ. ಮುಳ್ಳು 200, 300ರ ಹತ್ತಿರ ಸ್ವಲ್ಪವಾದರೂ ಅಲ್ಲಾಡಬೇಕು. ಸದ್ದು ಬಂತು, ಮುಳ್ಳು ಅಲ್ಲಾಡಲಿಲ್ಲ ಅಂದರೆ ಕ್ರ್ಯಾಂಕ್ ಸೆನ್ಸರ್ ದಾರಿಯಲ್ಲೇ ತೊಂದರೆ. ಆರ್‌ಪಿಎಂ ಮೀಟರ್ ಇಲ್ಲದ ಗಾಡಿಯಲ್ಲಿ ಇದನ್ನು ಸ್ಕ್ಯಾನರಿನಲ್ಲಿ ನೋಡಬೇಕು. ಸ್ಕ್ಯಾನರ್ ಮಾತಾಡುವ ಗಾಡಿಯಾದರೆ ಪಿ0335 ಕೋಡ್ ಕೂಡ ಸಿಗಬಹುದು, ಸಿಗದೆಯೂ ಇರಬಹುದು.

ಈಗ ಸೆನ್ಸರ್ ನೋಡುವ ಹೊತ್ತು. ಸಾಮಾನ್ಯವಾಗಿ ಕ್ರ್ಯಾಂಕ್ ಪುಲ್ಲಿ ಹತ್ತಿರ ಅಥವಾ ಗೇರ್ ಬಾಕ್ಸ್ ಸೇರುವ ಕಡೆ ಇರುತ್ತದೆ. ವೈರ್ ಸೈಲೆನ್ಸರ್ ಪೈಪಿನ ಬಿಸಿಗೆ ಗರಿಗರಿಯಾಗಿ ಒಡೆದಿದೆಯಾ? ಆಯಿಲ್ ಸೋರಿ ಕಪ್ಲರ್ ನೆನೆದಿದೆಯಾ? ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡಿದೆಯಾ? ಇವನ್ನು ಸರಿ ಮಾಡಿದರೇ ಎಷ್ಟೋ ಗಾಡಿಗಳು ಸರಿಹೋಗುತ್ತವೆ. ಬಿಚ್ಚುವ ಕೆಲಸ ಎಂಜಿನ್ ತಣ್ಣಗಾದ ಮೇಲೇ. ಗಾಡಿ ಕೆಳಗೆ ಹೋಗಬೇಕಾದರೆ ಬರೀ ಜಾಕಿ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ಎರಡು ಪಿನ್ನಿನ ಸುರುಳಿ ಬಗೆಯದಾದರೆ ಮಲ್ಟಿಮೀಟರಿನಲ್ಲಿ ಓಮ್ ನೋಡಬಹುದು. ಎಷ್ಟಿರಬೇಕು ಅನ್ನುವುದು ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ. ತಣ್ಣಗಿರುವಾಗ ಸರಿಯಾಗಿ ತೋರಿಸಿತು ಅಂತ ಅದನ್ನು ಬಿಟ್ಟುಬಿಡಬೇಡಿ. ಬಿಚ್ಚಿದ ಸೆನ್ಸರಿಗೆ ಮೀಟರ್ ಜೋಡಿಸಿಟ್ಟು, ಕೂದಲು ಒಣಗಿಸುವ ಡ್ರೈಯರಿನಿಂದ ಐದು ನಿಮಿಷ ಬಿಸಿ ಗಾಳಿ ಕೊಡಿ. ಬಿಸಿಯಾದಂತೆ ಓಮ್ ಸ್ವಲ್ಪ ಏರುವುದು ಸಹಜ. ಇದ್ದಕ್ಕಿದ್ದ ಹಾಗೆ ಮೀಟರ್ ಖಾಲಿ ತೋರಿಸಿದರೆ ಕಳ್ಳ ಸಿಕ್ಕ. ಮೂರು ಪಿನ್ನಿನದು ಬಹುತೇಕ ಹಾಲ್ ಬಗೆಯದು, ಅಂದರೆ ಅಯಸ್ಕಾಂತದ ಬಲ ಗುರುತಿಸುವ ಚಿಪ್. ಅದಕ್ಕೆ ಓಮ್ ಲೆಕ್ಕ ನಡೆಯುವುದಿಲ್ಲ. ಕಪ್ಲರಿನಲ್ಲಿ ಕರೆಂಟ್ ಮತ್ತು ಅರ್ತಿಂಗ್ ಬರುತ್ತಿದೆಯಾ ನೋಡಿ. ಮುಂದಿನದು ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಯಂತ್ರ) ಇರುವವರ ಕೆಲಸ.

ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿದು ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ಬೇಡ. ಬಿಸಿ ಲೋಹ ಬಿರುಕು ಬಿಡಬಹುದು, ನೀರು ಬೇರೆ ಕಪ್ಲರ್‌ಗಳಿಗೂ ನುಗ್ಗುತ್ತದೆ.

ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್, ಕರಿ ಹೊಗೆ, ಮೈಲೇಜ್ ಬಿದ್ದಿದೆ

ಇಲ್ಲಿ ಕೂಲೆಂಟ್ ಟೆಂಪರೇಚರ್ ಸೆನ್ಸರ್ ನೋಡಬೇಕು. ಎಂಜಿನ್ ತಣ್ಣಗಿದೆ ಅಂತ ಅದು ಹೇಳಿದರೆ ಇಸಿಎಂ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಎಂಜಿನ್ ಬಿಸಿಯಾದ ಮೇಲೂ ತಣ್ಣಗಿದೆ ಅಂತಲೇ ಹೇಳುತ್ತಿದ್ದರೆ ಹೊಗೆ ಕರಿಯಾಗುತ್ತದೆ, ಮೈಲೇಜ್ ಬೀಳುತ್ತದೆ. ತಣ್ಣನೆ ಎಂಜಿನ್ನನ್ನು ಬಿಸಿ ಅಂದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ.

ಡ್ಯಾಶ್‌ಬೋರ್ಡಿನ ಹೀಟ್ ಮುಳ್ಳು ಸರಿಯಾಗಿದೆಯಲ್ಲಾ ಅನ್ನಬೇಡಿ. ಹಳೆಯ ಎಷ್ಟೋ ಕಾರುಗಳಲ್ಲಿ ಮುಳ್ಳಿಗೆ ಒಂದು ಸೆನ್ಸರ್, ಇಸಿಎಂಗೆ ಇನ್ನೊಂದು. ಇಸಿಎಂನದಕ್ಕೆ ಎರಡು ವೈರ್ ಇರುತ್ತದೆ.

ಅತ್ಯಂತ ಸುಲಭದ ಪರೀಕ್ಷೆ ಬೆಳಿಗ್ಗೆಯದು. ರಾತ್ರಿಯೆಲ್ಲಾ ನಿಂತ ಗಾಡಿಗೆ, ಸ್ಟಾರ್ಟ್ ಮಾಡುವ ಮುಂಚೆ ಸ್ಕ್ಯಾನರ್ ಹಾಕಿ. ಕೂಲೆಂಟ್ ಮತ್ತು ಒಳಗೆ ಹೋಗುವ ಗಾಳಿ ಎರಡರ ಉಷ್ಣತೆಯೂ ಹೊರಗಿನ ಹವೆಯ ಹತ್ತಿರ ಇರಬೇಕು. ಒಂದು 24, ಇನ್ನೊಂದು 60 ತೋರಿಸಿದರೆ 60 ಅಂದದ್ದು ಸುಳ್ಳು ಹೇಳುತ್ತಿದೆ. ಮೈನಸ್ 40 ತೋರಿಸಿದರೆ ವೈರ್ ಕಡಿದಿದೆ ಅಥವಾ ಕಪ್ಲರ್ ಬಿಟ್ಟುಕೊಂಡಿದೆ. ಕರ್ನಾಟಕದಲ್ಲಿ ಮೈನಸ್ 40 ಎಲ್ಲಿಂದ ಬರಬೇಕು! ಪಿ0118 ಕೋಡ್ ಹೇಳುವುದೂ ಇದನ್ನೇ.

ಸ್ಕ್ಯಾನರ್ ಇಲ್ಲದಿದ್ದರೆ ಕಪ್ಲರ್ ಬಿಚ್ಚಿ ಸೆನ್ಸರ್‌ನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಹೆಚ್ಚಿನ ಗಾಡಿಗಳಲ್ಲಿ 20 ಡಿಗ್ರಿಗೆ 2ರಿಂದ 3 ಕಿಲೋಓಮ್, 80 ಡಿಗ್ರಿಗೆ 300 ಓಮ್ ಸುತ್ತಮುತ್ತ. ಬಿಸಿ ಏರಿದಂತೆ ಓಮ್ ಇಳಿಯುತ್ತಾ ಬರಬೇಕು, ನಡುವೆ ಜಿಗಿಯಬಾರದು.

ಸೆನ್ಸರ್ ಸರಿಯಾಗಿದ್ದೂ ಉಷ್ಣತೆ 60, 65ರಲ್ಲೇ ನಿಂತಿದೆಯಾ? ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ತಡೆದಿಡುವ ಥರ್ಮೋಸ್ಟ್ಯಾಟ್ ವಾಲ್ವ್ ಇದೆಯಾ ಕೇಳಿ. ಹೀಟ್ ಆಗದಿರಲಿ ಅಂತ ಅದನ್ನು ತೆಗೆದೇ ಬಿಡುವ ಅಭ್ಯಾಸ ಎಷ್ಟೋ ಕಡೆ ಇದೆ. ಹಾಗೆ ಮಾಡಿದ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಸದಾ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಇಲ್ಲಿ ಸೆನ್ಸರ್ ಹೇಳುತ್ತಿರುವುದು ನಿಜ.

ಸೈಲೆನ್ಸರ್ ಪೈಪಿನಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಮೇಲೆ ಬರುವ ದೂರೂ ಹೀಗೇ. ಒಂದು ಸ್ಪಾರ್ಕ್ ಪ್ಲಗ್ ಮಿಸ್ಸಿಂಗ್ ಹೊಡೆದರೆ ಆ ಸಿಲಿಂಡರಿನ ಆಮ್ಲಜನಕ ಬಳಕೆಯಾಗದೆ ಹೊರಗೆ ಬರುತ್ತದೆ. ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಸಾಲದು ಅನ್ನುತ್ತದೆ. ಇಸಿಎಂ ಇನ್ನಷ್ಟು ಬಿಡುತ್ತದೆ. ಸೆನ್ಸರ್‌ಗೆ ಮುಂಚಿನ ಪೈಪಿನಲ್ಲಿ ಲೀಕ್ ಇದ್ದರೂ ಇದೇ ಆಗುತ್ತದೆ. ಹಾಗಾಗಿ ಮೊದಲು ಪ್ಲಗ್, ಏರ್ ಫಿಲ್ಟರ್, ಪೈಪ್ ಲೀಕ್. ಬಿಸಿ ಎಂಜಿನ್ನಿನಲ್ಲಿ ಈ ಸೆನ್ಸರ್‌ನ ವೋಲ್ಟೇಜ್ 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಆಡುತ್ತಿರಬೇಕು. ಒಂದೇ ಕಡೆ ನಿಂತರೆ, ಉಳಿದದ್ದೆಲ್ಲಾ ಸರಿಯಿದ್ದರೆ, ಆಗ ಬದಲಿಸಿ.

ಸಿಗ್ನಲ್ಲಿನಲ್ಲಿ ನಿಂತಾಗ ಐಡಲಿಂಗ್ ಏರುಪೇರು, ಎಸಿ ಹಾಕಿದರೆ ಆಫ್

ಇದು ಬಹುಪಾಲು ಸೆನ್ಸರ್ ದೋಷವೇ ಅಲ್ಲ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರುತ್ತದೆ, ಐಡಲ್ ವಾಲ್ವ್ ಅಂಟಿಕೊಂಡಿರುತ್ತದೆ. ಥ್ರಾಟಲ್ ಕ್ಲೀನರ್ ಹೊಡೆದು ಒರೆಸಿ. ಉಸ್ ಅಂತ ಗಾಳಿ ಎಳೆಯುವ ಸದ್ದು ಬಂದರೆ ವ್ಯಾಕ್ಯೂಮ್ ಲೀಕ್. ಬಿರುಕು ಎಲ್ಲಿದೆ ಅಂತ ಹುಡುಕಲು ಓಡುವ ಎಂಜಿನ್ ಮೇಲೆ ಪೆಟ್ರೋಲ್ ಸಿಂಪಡಿಸುವ ಹಳೆಯ ಅಭ್ಯಾಸ ತುಂಬಾ ಅಪಾಯ. ಪೈಪನ್ನು ಕೈಯಲ್ಲಿ ಒತ್ತಿ, ಸದ್ದು ನಿಲ್ಲುತ್ತದಾ ನೋಡಿದರೆ ಸಾಕು.

ಆಕ್ಸಿಲರೇಟರನ್ನು ಒಂದು ನಿರ್ದಿಷ್ಟ ಮಟ್ಟಕ್ಕೆ ಒತ್ತಿದಾಗ ಮಾತ್ರ ಜರ್ಕ್ ಬರುತ್ತಿದ್ದರೆ ಥ್ರಾಟಲ್ ಸೆನ್ಸರ್ ನೋಡಿ. ಕೀ ಆನ್, ಎಂಜಿನ್ ಆಫ್. ಅದರ ಸುದ್ದಿ ಬರುವ ವೈರಿನಲ್ಲಿ, ಪೆಡಲ್ ಪೂರ್ತಿ ಬಿಟ್ಟಾಗ ಸುಮಾರು 0.5 ವೋಲ್ಟ್, ಪೂರ್ತಿ ಒತ್ತಿದಾಗ 4ರಿಂದ 4.5. ಪೆಡಲನ್ನು ಬಹಳ ನಿಧಾನಕ್ಕೆ ಒತ್ತುತ್ತಾ ಹೋಗಿ. ನಡುವೆ ಎಲ್ಲಾದರೂ ಸಂಖ್ಯೆ ಥಟ್ಟನೆ ಬಿದ್ದು ಎದ್ದರೆ ಅಲ್ಲಿ ಸವೆದಿದೆ.

ಏರಿನಲ್ಲಿ ಪುಲ್ಲಿಂಗ್ ಇಲ್ಲ

ಮೊದಲು ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಕ್ಲಚ್. ಆಮೇಲೆ ಮ್ಯಾಪ್ ಸೆನ್ಸರ್. ಇದಕ್ಕೆ ನನಗೆ ಇಷ್ಟವಾದ, ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆಯಿದೆ. ಎಂಜಿನ್ ಓಡದೆ ಕೀ ಮಾತ್ರ ಆನ್ ಇದ್ದಾಗ ಈ ಸೆನ್ಸರ್ ಸ್ಕ್ಯಾನರಿನಲ್ಲಿ ಆ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್. 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 91. ಮಡಿಕೇರಿಯಲ್ಲಿ 88ರ ಹತ್ತಿರ. ಬೆಂಗಳೂರಿನಲ್ಲಿ ನಿಂತ ಗಾಡಿ 101 ತೋರಿಸಿದರೆ ಸೆನ್ಸರ್ ಸರಿಯಿಲ್ಲ. ಮಂಗಳೂರಿನ ಲೆಕ್ಕ ನೋಡಿ ಬೆಂಗಳೂರಿನ ಒಳ್ಳೆಯ ಸೆನ್ಸರನ್ನು ಕೆಟ್ಟದ್ದು ಅನ್ನಲೂ ಬಾರದು. ಸ್ಟಾರ್ಟ್ ಮಾಡಿದರೆ, ಬಿಸಿ ಎಂಜಿನ್ ಐಡಲಿಂಗ್‌ನಲ್ಲಿ ಅದು 30ರಿಂದ 40ಕ್ಕೆ ಇಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪು ಕಳಚಿದೆಯಾ ನೋಡಿ.

ಎಲ್ಲಿಗೆ ನಿಲ್ಲಿಸಬೇಕು

ಪೆಟ್ರೋಲ್ ಸೋರಿಕೆ, ಸುಟ್ಟ ವೈರಿನ ವಾಸನೆ, ಮತ್ತೆ ಮತ್ತೆ ಹೋಗುವ ಫ್ಯೂಸ್, ಕೆಂಪಗೆ ಕಾದ ಸೈಲೆನ್ಸರ್, ಹೀಟ್ ಮುಳ್ಳು ಮೇಲಕ್ಕೆ ಹೋಗಿರುವುದು. ಇವುಗಳಲ್ಲಿ ಯಾವುದು ಕಂಡರೂ ಗಾಡಿ ಆಫ್ ಮಾಡಿ, ಟೋ ಮಾಡಿಸಿ. ಏಳೆಂಟು ಸೆನ್ಸರ್ ಕೋಡ್ ಒಟ್ಟಿಗೆ ಬಂದರೆ ಅಷ್ಟೂ ಒಂದೇ ದಿನ ಕೆಟ್ಟಿರುವುದಿಲ್ಲ. ಅವಕ್ಕೆಲ್ಲಾ ಸೇರಿದ 5 ವೋಲ್ಟ್ ದಾರಿಯೋ ಅರ್ತಿಂಗೋ ಹೋಗಿದೆ. ಅದನ್ನು ವೈರಿಂಗ್ ನಕ್ಷೆ ಓದಬಲ್ಲ ಎಲೆಕ್ಟ್ರೀಷಿಯನ್ ಹತ್ತಿರ ಬಿಡಿ. ಎರಡು ಗಂಟೆ ಹುಡುಕಿದರೂ ಸಿಗದಿದ್ದರೆ ಹುಡುಕಿದ್ದನ್ನೆಲ್ಲಾ ಬರೆದುಕೊಂಡು ಹೋಗಿ. ಬಿಸಿಯಲ್ಲಿ ನಿಂತಿತಾ, ಮಳೆಯಲ್ಲಿ ನಿಂತಿತಾ, ಮುಳ್ಳು ಹೇಗೆ ಬಿತ್ತು, ಪಂಪ್ ಸದ್ದಿತ್ತಾ. ಇಷ್ಟು ಹೇಳಿದರೆ ಒಳ್ಳೆಯ ಮೆಕ್ಯಾನಿಕ್ಕಿಗೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಬದಲಿಸಲೇಬೇಕು ಅಂತಾದರೆ

ಹಳೆಯ ಸೆನ್ಸರ್ ಬಿಚ್ಚಿಕೊಂಡು ಹೋಗಿ, ಅದರ ಮೇಲಿನ ಪಾರ್ಟ್ ನಂಬರ್ ತೋರಿಸಿ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆಯ ಮಾಡೆಲ್‌ಗಳ ಭಾಗವೂ ಸಿಗುತ್ತದೆ. ನೋಡಲು ಒಂದೇ ಥರ ಇದ್ದರೂ ಒಳಗಿನ ಲೆಕ್ಕ ಬೇರೆ ಇರುತ್ತದೆ, ನಂಬರ್ ಹೊಂದದಿದ್ದರೆ ಬೇಡ. ಅಂಗಡಿಯಲ್ಲೇ ಹೊಸದರ ಓಮ್ ಅಳೆದು ಹಳೆಯದರ ಜೊತೆ ಹೋಲಿಸಿ. ಹಾಕಿದ ಮೇಲೆ ಕೋಡ್ ಅಳಿಸಿ, ಒಂದು ತಣ್ಣನೆ ಸ್ಟಾರ್ಟು, ಒಂದು ಟ್ರಾಫಿಕ್ ಓಡಾಟ, ಒಂದು ಹೈವೇ ಓಡಾಟ ಮುಗಿಸಿ ಮತ್ತೆ ನೋಡಿ. ಬ್ಯಾಟರಿ ಬಿಚ್ಚಿದ್ದರೆ ಮೊದಲ ಒಂದೆರಡು ದಿನ ಐಡಲಿಂಗ್ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು.

ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಈ ಲೆಕ್ಕಗಳನ್ನೆಲ್ಲಾ ಒಂದು ಸಲ ಅಳೆದು, ಚೀಟಿಯಲ್ಲಿ ಬರೆದು ಡ್ಯಾಶ್ ಬಾಕ್ಸಿನಲ್ಲಿ ಇಟ್ಟುಬಿಡಿ: ಅರ್ತಿಂಗ್ ವೋಲ್ಟ್, ಬೆಳಗಿನ ಓಮ್, ಕೀ ಆನ್ ಮಾಡಿದಾಗಿನ ಒತ್ತಡ, ಥ್ರಾಟಲ್ ವೋಲ್ಟ್. ಮುಂದೆ ತೊಂದರೆ ಬಂದ ದಿನ ನಿಮ್ಮ ಕಾರನ್ನು ಅದರದೇ ಹಳೆಯ ಲೆಕ್ಕದ ಜೊತೆ ಹೋಲಿಸಬಹುದು.